ಪಿಜಿ ಡಾಕ್ಟರ್‌ಗಳ ಡ್ಯೂಟಿ: 48 ಗಂಟೆಯ ಆದೇಶದಿಂದ 74 ಗಂಟೆಯ ಶಿಫಾರಸಿನವರೆಗೆ

ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ರಾತ್ರಿ ಎರಡು ಗಂಟೆಗೆ ಹೋದರೆ ನಿಮ್ಮ ನಾಡಿ ಹಿಡಿಯುವುದು ಸಾಮಾನ್ಯವಾಗಿ ಒಬ್ಬ ಪಿಜಿ. ಅಂದರೆ ಎಂಬಿಬಿಎಸ್ ಮುಗಿಸಿ ಎಂಡಿ ಅಥವಾ ಎಂಎಸ್ ಮಾಡುತ್ತಿರುವ ಡಾಕ್ಟರ್. ಇವರ ಡ್ಯೂಟಿ ಎಷ್ಟು ಗಂಟೆ ಇರಬೇಕು, ಅದು ಅವರ ಮನಸ್ಸನ್ನು ಎಷ್ಟು ಹಿಂಡುತ್ತಿದೆ ಅನ್ನೋ ಚರ್ಚೆ ಈಗ ಟಾಸ್ಕ್ ಫೋರ್ಸ್, ನಿಯಮಾವಳಿ, ಮುಷ್ಕರ, ಕೋರ್ಟ್ ಅರ್ಜಿ ಅಂತ ನಾಲ್ಕು ದಿಕ್ಕಿಗೆ ಹರಡಿಕೊಂಡಿದೆ. ಹಿಂದಿನಿಂದ ಒಮ್ಮೆ ನೋಡಿಕೊಂಡು ಬಂದರೆ ವಿಷಯ ಸ್ವಲ್ಪ ತಿಳಿಯಾಗುತ್ತದೆ.

ಆಸ್ಪತ್ರೆಯಲ್ಲೇ ಉಳಿದು ಕೆಲಸ ಕಲಿಯುವ ಪದ್ಧತಿ 19ನೇ ಶತಮಾನದ ಕೊನೆಗೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಗಟ್ಟಿಯಾಯಿತು. ಆಮೇಲೆ ಸುಮಾರು ನೂರು ವರ್ಷ ಗಂಟೆಯ ಲೆಕ್ಕ ಯಾರೂ ಅಷ್ಟಾಗಿ ಕೇಳಲಿಲ್ಲ. 1984ರಲ್ಲಿ ನ್ಯೂಯಾರ್ಕ್‌ನಲ್ಲಿ ಲಿಬಿ ಜಯಾನ್ ಎಂಬ 18 ವರ್ಷದ ಹುಡುಗಿ ಆಸ್ಪತ್ರೆಗೆ ಸೇರಿದ 24 ಗಂಟೆಯೊಳಗೆ ತೀರಿಕೊಂಡಳು. ಅವಳನ್ನು ನೋಡಿಕೊಂಡಿದ್ದವರು ದೀರ್ಘ ಡ್ಯೂಟಿಯಲ್ಲಿದ್ದ ತರಬೇತಿ ವೈದ್ಯರು. ಪತ್ರಕರ್ತರಾಗಿದ್ದ ತಂದೆ ಪಟ್ಟು ಬಿಡಲಿಲ್ಲ. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ತಂದಿತು, 2003ರಲ್ಲಿ ಅದು ಇಡೀ ಅಮೆರಿಕಕ್ಕೆ ಬಂತು. ಮರುವರ್ಷ ಪ್ರಕಟವಾದ ಹಾರ್ವರ್ಡ್ ಅಧ್ಯಯನದಲ್ಲಿ, ಹಳೆಯ ಮಾದರಿಯ ದೀರ್ಘ ಪಾಳಿಯಲ್ಲಿದ್ದ ಇಂಟರ್ನ್‌ಗಳಿಂದ (ಅಲ್ಲಿ ತರಬೇತಿಯ ಮೊದಲ ವರ್ಷದವರು) ಗಂಭೀರ ತಪ್ಪುಗಳು ಶೇ 36ರಷ್ಟು ಜಾಸ್ತಿ ಆಗಿದ್ದು ಕಂಡಿತು. ಬ್ರಿಟನ್ 2009ರ ಹೊತ್ತಿಗೆ ಸರಾಸರಿ 48 ಗಂಟೆಗೆ ಇಳಿಯಿತು. ಇಷ್ಟೂ ಮಾತು ನಡೆದದ್ದು ಹೆಚ್ಚಾಗಿ ರೋಗಿಯ ಸುರಕ್ಷತೆಯ ಹೆಸರಿನಲ್ಲಿ. ಡಾಕ್ಟರ್ ಮನಸ್ಸಿನ ಸ್ಥಿತಿ ಚರ್ಚೆಗೆ ಬಂದದ್ದು ತಡವಾಗಿ.

ನಮ್ಮಲ್ಲಿ ನಿಯಮವೇ ಇರಲಿಲ್ಲ ಅಂತಲ್ಲ. 1992ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ನಿರ್ದೇಶನ ಸ್ಪಷ್ಟವಾಗಿಯೇ ಇದೆ. ಜೂನಿಯರ್ ರೆಸಿಡೆಂಟ್‌ಗಳಿಗೆ, ಅಂದರೆ ಪಿಜಿಗಳಂಥ ಕಿರಿಯ ಡಾಕ್ಟರ್‌ಗಳಿಗೆ, ಸಾಮಾನ್ಯವಾಗಿ ವಾರಕ್ಕೆ 48 ಗಂಟೆ ಕೆಲಸ, ಒಂದೇ ಸಮನೆ 12 ಗಂಟೆಗಿಂತ ಹೆಚ್ಚಿಲ್ಲ, ಸರದಿಯಂತೆ ವಾರಕ್ಕೊಂದು ರಜೆ. ಈ ನಿರ್ದೇಶನಕ್ಕೆ ಮೂವತ್ತು ವರ್ಷ ದಾಟಿದೆ. ವಾರ್ಡುಗಳಲ್ಲಿ ಅದರ ಸುಳಿವೇ ಇಲ್ಲ.

ಅಲ್ಲಿ ನಡೆಯುವುದೇ ಬೇರೆ. ಮೆಡಿಸಿನ್ ಯುನಿಟ್ ಒಂದರ ಅಡ್ಮಿಷನ್ ಡೇ, ಅಂದರೆ ಹೊಸ ರೋಗಿಗಳನ್ನು ಆ ಯುನಿಟ್ ಸೇರಿಸಿಕೊಳ್ಳುವ ದಿನ ತೆಗೆದುಕೊಳ್ಳಿ. ಫಸ್ಟ್ ಇಯರ್ ಪಿಜಿ ಬೆಳಿಗ್ಗೆ ಆರೂವರೆಗೆ ವಾರ್ಡಿಗೆ ಬಂದು ರಕ್ತ ತೆಗೆಯುತ್ತಾರೆ. ಎಂಟೂವರೆಗೆ ರೌಂಡ್ಸ್, ಆಮೇಲೆ ಓಪಿಡಿ, ಮಧ್ಯಾಹ್ನದಿಂದ ಕ್ಯಾಶುವಾಲಿಟಿ. ರಾತ್ರಿಯಿಡೀ ಹೊಸ ಕೇಸುಗಳು. ಬೆಳಗಾದರೆ ಮನೆಗೆ ಹೋಗುವಂತಿಲ್ಲ. ರಾತ್ರಿ ಬಂದ ಕೇಸನ್ನೆಲ್ಲ ರೌಂಡ್ಸ್‌ನಲ್ಲಿ ಒಪ್ಪಿಸಬೇಕು, ಡಿಸ್ಚಾರ್ಜ್ ಸಮ್ಮರಿ ಬರೆಯಬೇಕು. ರೂಮು ಸೇರುವಷ್ಟರಲ್ಲಿ ಎರಡನೇ ದಿನದ ಸಂಜೆ. ಇದಕ್ಕೆ ಎಲ್ಲರೂ ಕರೆಯುವುದು 36 ಗಂಟೆ ಡ್ಯೂಟಿ ಅಂತ. ಇದರ ಮೇಲೆ ಥೀಸಿಸ್, ಸೆಮಿನಾರ್, ಸೀನಿಯರ್‌ಗಳ ಬೈಗುಳ.

ಆ 36 ಗಂಟೆಯಲ್ಲಿ ವೈದ್ಯಕೀಯ ಎಷ್ಟು? ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡುವುದು, ರಿಪೋರ್ಟ್‌ಗೆ ಕಾಯುವುದು, ಅಟೆಂಡರ್ ಸಿಗದಿದ್ದಾಗ ಟ್ರಾಲಿ ತಳ್ಳುವುದು, ರಕ್ತ ಹೊಂದಿಸಲು ಹತ್ತು ಕಡೆ ಫೋನ್ ಮಾಡುವುದು, ಒಂದೇ ವಿವರವನ್ನು ಮೂರು ರಿಜಿಸ್ಟರಿನಲ್ಲಿ ಬರೆಯುವುದು. ದಣಿವಿನ ದೊಡ್ಡ ಪಾಲು ಇಲ್ಲಿಂದ ಬರುತ್ತದೆ. ಇದು ಪಾಠವೂ ಅಲ್ಲ, ಚಿಕಿತ್ಸೆಯೂ ಅಲ್ಲ.

ಇನ್ನೊಂದು ಗೋಜಲೂ ಇದೆ. ಪಿಜಿ ವಿದ್ಯಾರ್ಥಿಯೋ ಸಿಬ್ಬಂದಿಯೋ? ವಾರ್ಡ್ ನಡೆಸಲು ಅವರು ಸಿಬ್ಬಂದಿ. ರಜೆ ಕೇಳಿದಾಗ ವಿದ್ಯಾರ್ಥಿ. ಸೀಟು ಬಿಟ್ಟು ಹೋಗೋಣ ಅಂದರೆ ಎಷ್ಟೋ ರಾಜ್ಯಗಳಲ್ಲಿ ಲಕ್ಷಗಟ್ಟಲೆ ರೂಪಾಯಿಯ ಬಾಂಡ್, ಅಂದರೆ ಬಿಟ್ಟರೆ ಅಷ್ಟು ದಂಡ ಕಟ್ಟಬೇಕೆಂಬ ಕರಾರು.

ಕೋವಿಡ್ ಇದನ್ನೆಲ್ಲ ಬಯಲಿಗೆ ತಂದಿತು. 2021ರ ಜನವರಿಯಲ್ಲಿ ಆಗಬೇಕಿದ್ದ ಪಿಜಿ ಪ್ರವೇಶ ಪರೀಕ್ಷೆ ನೀಟ್ ಪಿಜಿ ಸೆಪ್ಟೆಂಬರ್‌ಗೆ ಹೋಯಿತು, ಸೀಟು ಹಂಚುವ ಕೌನ್ಸೆಲಿಂಗ್ ಶುರುವಾದದ್ದು 2022ರ ಜನವರಿಯಲ್ಲಿ. ಮೂರು ವರ್ಷದ ಮೂರು ಬ್ಯಾಚ್ ಹೊರಬೇಕಿದ್ದ ಹೊರೆಯನ್ನು ಎಷ್ಟೋ ಕಡೆ ಎರಡೇ ಬ್ಯಾಚ್ ಹೊತ್ತವು, ಅದೂ ಸೋಂಕಿನ ಮಧ್ಯೆ. ಒಂದು ಬ್ಯಾಚ್ ತಡವಾಗಿದ್ದಕ್ಕೆ ವಾರ್ಡುಗಳು ಒದ್ದಾಡಿದವು ಅಂದರೆ, ಅವು ನಿಂತಿದ್ದೇ ಕಲಿಯಲು ಬಂದವರ ಹೆಗಲ ಮೇಲೆ ಅಲ್ವಾ?

2023ರ ಪಿಜಿ ನಿಯಮಾವಳಿಯಲ್ಲಿ, ವೈದ್ಯಕೀಯ ಶಿಕ್ಷಣವನ್ನು ನಿಯಂತ್ರಿಸುವ ರಾಷ್ಟ್ರೀಯ ವೈದ್ಯಕೀಯ ಆಯೋಗ ಬರೆದದ್ದು ಇಷ್ಟು: ಕೆಲಸದ ಗಂಟೆಗಳು ಸಮಂಜಸವಾಗಿರಬೇಕು, ದಿನದಲ್ಲಿ ವಿಶ್ರಾಂತಿಗೆ ಸಮಂಜಸ ಸಮಯ ಕೊಡಬೇಕು. ಗಂಟೆಯ ಸಂಖ್ಯೆ ಮಾತ್ರ ಇಲ್ಲ. ಅದು ಬಂದದ್ದು 2024ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸುರೇಶ್ ಬಡಾ ಮಠ ಅಧ್ಯಕ್ಷತೆಯಲ್ಲಿ ಆಯೋಗ ರಚಿಸಿದ ಟಾಸ್ಕ್ ಫೋರ್ಸ್ ದೇಶದಾದ್ಯಂತ ಆನ್‌ಲೈನ್ ಸಮೀಕ್ಷೆ ಮಾಡಿತು. ಉತ್ತರಿಸಿದ 5,337 ಪಿಜಿಗಳಲ್ಲಿ ಶೇ 31ರಷ್ಟು ಮಂದಿ ಆತ್ಮಹತ್ಯೆಯ ಯೋಚನೆ ಬಂದಿದ್ದಾಗಿ ಹೇಳಿದರು. ಅರ್ಧಕ್ಕಿಂತ ಹೆಚ್ಚು ಜನರಿಗೆ ವಾರದ ರಜೆ ಸರಿಯಾಗಿ ಸಿಗುತ್ತಿರಲಿಲ್ಲ. ತಾವೇ ಮುಂದೆ ಬಂದು ಉತ್ತರಿಸಿದವರ ಲೆಕ್ಕ ಇದು, ನಿಜ. ಆದರೂ ಇದನ್ನು ಓದಿ ಸುಮ್ನೆ ಪುಟ ತಿರುಗಿಸಲು ಆಗುವುದಿಲ್ಲ.

ಟಾಸ್ಕ್ ಫೋರ್ಸ್ ಹೇಳಿದ ಮಿತಿ ವಾರಕ್ಕೆ 74 ಗಂಟೆ: ಒಂದು 24 ಗಂಟೆ ಡ್ಯೂಟಿ, ಐದು ದಿನ ಹತ್ತು ಹತ್ತು ಗಂಟೆ, ಒಂದು ದಿನ ರಜೆ. 1992ರ 48ಕ್ಕಿಂತ ಇದು ಒಂದೂವರೆ ಪಟ್ಟು. ಆದರೂ ಇವತ್ತಿನ ಪಿಜಿಗಳಿಗೆ ಇದೇ ದೊಡ್ಡ ಸುಧಾರಣೆ ಅನಿಸಿತು ಅಂದರೆ ಪರಿಸ್ಥಿತಿ ಎಲ್ಲಿಗೆ ಬಂದಿದೆ ಅಂತ ಯೋಚಿಸಿ. ಅದೇ ವರ್ಷದ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಪಿಜಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆಯಿತು. ಆಕೆಗೆ ಒರಗಿಕೊಳ್ಳಲು ಸಿಕ್ಕಿದ್ದು ಸೆಮಿನಾರ್ ಹಾಲ್. 36 ಗಂಟೆ ಡ್ಯೂಟಿ ಅಮಾನವೀಯ ಅಂತ ಸುಪ್ರೀಂ ಕೋರ್ಟ್ ವಿಚಾರಣೆಯಲ್ಲೇ ಹೇಳಿತು. 1992ರ ನಿರ್ದೇಶನ ಜಾರಿ ಮಾಡಿಸಿ ಅಂತ 2025ರಲ್ಲಿ ವೈದ್ಯರ ಸಂಘಟನೆಯೊಂದು ಅದೇ ಕೋರ್ಟ್‌ಗೆ ಹೋಗಿದೆ.

ಈ ನಡುವೆ ಕಾಲೇಜುಗಳಲ್ಲಿ ಬೇಗ ಆಗಿರುವುದು ಯೋಗ ತರಗತಿ, ಒತ್ತಡ ನಿರ್ವಹಣೆಯ ಉಪನ್ಯಾಸ, ಕೌನ್ಸೆಲಿಂಗ್ ಸೆಲ್. ಕೌನ್ಸೆಲಿಂಗ್ ಖಂಡಿತ ಬೇಕು. ಮನಸ್ಸು ಕುಸಿದಾಗ ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಡಾಕ್ಟರ್‌ಗಳೂ ಮಾಡಬಹುದು. ಆದರೆ ಡ್ಯೂಟಿ ಪಟ್ಟಿ ಹಾಗೇ ಇಟ್ಟು ಯೋಗ ಕಲಿಸುವುದು ಮೂಗಿಗೆ ತುಪ್ಪ ಸವರಿದ ಹಾಗೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಕೂಡ ಆರೋಗ್ಯ ಸಿಬ್ಬಂದಿಯ ವಿಷಯದಲ್ಲಿ ಕೆಲಸದ ಹೊರೆ, ವೇಳಾಪಟ್ಟಿಗಳನ್ನೇ ಬದಲಿಸುವ ಕ್ರಮಗಳನ್ನು ಶಿಫಾರಸು ಮಾಡಿದೆ.

ಗಂಟೆ ಕಡಿಮೆಯಾದರೆ ಕಲಿಕೆ ಕಡಿಮೆಯಾಗುತ್ತದೆ ಅನ್ನೋದು ಹಿರಿಯರ ಆತಂಕ. ಪಾಳಿ ಬದಲಾದಷ್ಟೂ ರೋಗಿಯ ವಿವರ ಕೈತಪ್ಪುವ ಅಪಾಯವೂ ಇದೆ. ಅಮೆರಿಕ 2011ರಲ್ಲಿ ಇಂಟರ್ನ್‌ಗಳಿಗೆ ಒಂದೇ ಸಮನೆ 16 ಗಂಟೆಯ ಮಿತಿ ಹಾಕಿ, 2017ರಲ್ಲಿ ಅದನ್ನು ಮತ್ತೆ 24ಕ್ಕೆ ಏರಿಸಿದ್ದರ ಹಿಂದೆ ಇಂಥ ವಾದಗಳಿದ್ದವು. ಹಾಗಾಗಿ ಬರೀ ಗಂಟೆ ಕತ್ತರಿಸಿದರೆ ಸಾಲದು. ರಕ್ತ ತೆಗೆಯಲು, ಸ್ಯಾಂಪಲ್ ಒಯ್ಯಲು, ಡೇಟಾ ತುಂಬಲು ಬೇರೆ ಸಿಬ್ಬಂದಿ ಬೇಕು. ಪಾಳಿ ಬದಲಾಗುವಾಗ ಕೂತು ಕೇಸು ಒಪ್ಪಿಸಲು ಅರ್ಧ ಗಂಟೆ ಬೇಕು. ನೈಟ್ ಮುಗಿಸಿದವರು ಬೆಳಿಗ್ಗೆ ಮನೆಗೆ ಹೋಗುವಂತಾಗಬೇಕು. ದೇಶದ ಪಿಜಿ ಸೀಟುಗಳು 2014ರಲ್ಲಿ 31 ಸಾವಿರದಷ್ಟಿದ್ದವು, 2024ಕ್ಕೆ 70 ಸಾವಿರ ದಾಟಿವೆ. ಸೀಟು ಕೊಡುವ ಮುಂಚೆ ಆಯೋಗದವರು ಹಾಸಿಗೆ ಎಷ್ಟು, ಅಧ್ಯಾಪಕರು ಎಷ್ಟು ಅಂತ ನೋಡುತ್ತಾರೆ. ಕಳೆದ ಮೂರು ತಿಂಗಳ ಡ್ಯೂಟಿ ಪಟ್ಟಿಯನ್ನೂ ಅಷ್ಟೇ ಗಟ್ಟಿಯಾಗಿ ಕೇಳುವುದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.