ಅಣಬೆಗಳ ದಾಯಾದಿ ಜಗಳ

ಕಳೆದ ಮಳೆಗಾಲದಲ್ಲಿ ಮನೆ ಹಿಂದಿನ ಸಣ್ಣ ಕೋಣೆಯಲ್ಲಿ ಚಿಪ್ಪು ಅಣಬೆ ಬೆಳೆಯಲು ಹೊರಟಿದ್ದೆ. ಭತ್ತದ ಹುಲ್ಲು ಕತ್ತರಿಸಿ, ನೆನೆಸಿ, ಬೇಯಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ನಡುನಡುವೆ ಅಣಬೆ ಬೀಜ ಉದುರಿಸಿದ್ದಾಯಿತು. ಒಂದು ಚೀಲದ ಹುಲ್ಲು ಸರಿಯಾಗಿ ಬೆಂದಿರಲಿಲ್ಲ ಅಂತ ಕಾಣುತ್ತದೆ. ಹತ್ತು ದಿನಕ್ಕೆ ಅದರೊಳಗೆ ಎರಡು ರಾಜ್ಯ ಹುಟ್ಟಿಕೊಂಡಿದ್ದವು. ಮೇಲೆ ಹತ್ತಿಯಂಥ ಬಿಳಿ, ಕೆಳಗೆ ಪಾಚಿಯಂಥ ಹಸಿರು ಬೂಷ್ಟು. ನಡುವೆ ಒಂದು ಹಳದಿ-ಕಂದು ಗೆರೆ. ಬದುವಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರ ಜಮೀನಿನ ಹಾಗೆ.

ಬಿಳಿಯದು ಅಣಬೆ, ಹಸಿರಿನದು ಟ್ರೈಕೋಡರ್ಮಾ. ಎರಡೂ ಶಿಲೀಂಧ್ರಗಳೇ.

ಅಣಬೆಯಲ್ಲಿ ಫಂಗಸ್ ಕೊಲ್ಲುವ ರಾಸಾಯನಿಕ ಇದೆ ಅಂದರೆ ಜನ ನಗುತ್ತಾರೆ. ಅದೇ ಒಂದು ಫಂಗಸ್ಸು, ಇನ್ನೊಂದನ್ನು ಹೇಗೆ ಕೊಲ್ಲುತ್ತದೆ ಅಂತ. ಮತ್ತೆ ಯಾರನ್ನು ಕೊಲ್ಲಬೇಕು? ಹುಲಿಗೂ ಅಣಬೆಗೂ ಆಸ್ತಿ ತಕರಾರಿಲ್ಲ. ಅದೇ ಕೊಳೆತ ಮರ, ಅದೇ ಒದ್ದೆ ಹುಲ್ಲಿನ ಮೇಲೆ ಕಣ್ಣಿಟ್ಟಿರುವುದು ಇನ್ನೊಂದು ಶಿಲೀಂಧ್ರ. ವಿಷ ಬೇಕಾಗುವುದು ದಾಯಾದಿಗೇ.

ಈ ಜಗಳದಲ್ಲಿ ನನಗೆ ತುಂಬ ಇಷ್ಟವಾದ ಪಾತ್ರ ಯುರೋಪಿನ ಒಂದು ಪುಟಾಣಿ ಅಣಬೆ. ಹೆಸರು ಸ್ಟ್ರಾಬಿಲ್ಯೂರಸ್ ಟೆನಾಸೆಲಸ್. ಕೊಡೆ ನಮ್ಮ ನಾಣ್ಯದಷ್ಟೇ ಅಗಲ. ಮಣ್ಣಲ್ಲಿ ಅರ್ಧ ಹೂತ ಪೈನ್ ಕಾಯಿಯ ಮೇಲೆ ಮಾತ್ರ ಬದುಕು. ಆ ಒಂದು ಕಾಯಿಯೇ ಅದರ ಮನೆ, ಹೊಲ, ಬ್ಯಾಂಕ್ ಖಾತೆ. ಅದನ್ನು ಕಳೆದುಕೊಂಡರೆ ಮುಗಿಯಿತು. ಹಾಗಾಗಿ ಬೇಲಿ ಬಿಗಿ. 1977ರಲ್ಲಿ ಜರ್ಮನಿಯ ಟಿಮ್ ಆಂಕೆ, ವೋಲ್ಫ್‌ಗಾಂಗ್ ಸ್ಟೆಗ್ಲಿಶ್ ಮತ್ತು ಜೊತೆಗಾರರು ಆ ಬೇಲಿಯ ರಾಸಾಯನಿಕವನ್ನು ಬೇರ್ಪಡಿಸಿ ಸ್ಟ್ರಾಬಿಲ್ಯುರಿನ್ ಎಂದು ಹೆಸರಿಟ್ಟರು.

ನಿಜ ಹೇಳಬೇಕೆಂದರೆ ಅವರಿಗಿಂತ ಮೊದಲೇ, 1960ರ ದಶಕದಲ್ಲಿ, ಚೆಕೊಸ್ಲೊವಾಕಿಯದ ವ್ಲಾದಿಮೀರ್ ಮುಸೀಲೆಕ್ ಇದನ್ನು ಹಿಡಿದಿದ್ದರು. ಬೀಚ್ ಮರದ ಮೇಲೆ ಬರುವ, ಪಿಂಗಾಣಿಯಂತೆ ಹೊಳೆಯುವ ಲೋಳೆ ಲೋಳೆ ಅಣಬೆಯಲ್ಲಿ ಸಿಕ್ಕಿತ್ತು. ಅವರು ಮ್ಯುಸಿಡಿನ್ ಎಂದು ಕರೆದರು. ಅಲ್ಲಿ ಅದು ಚರ್ಮದ ಫಂಗಸ್ಸಿಗೆ ಔಷಧಿಯಾಗಿಯೂ ಬಂತು. ಎರಡೂ ಒಂದೇ ವಸ್ತು ಅಂತ ಗೊತ್ತಾಗಿದ್ದು ಆಮೇಲೆ. ಹೊರಗಿನವರ ಬಾಯಲ್ಲಿ ಉಳಿದದ್ದು ಮಾತ್ರ ಜರ್ಮನ್ನರು ಇಟ್ಟ ಹೆಸರು.

ಅದು ಕೊಲ್ಲುವ ರೀತಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮನೆಗೆ ಮೋಲ್ಡ್ ಹಾಕುವ ದಿನ ನೋಡಿದ್ದೀರಲ್ಲ? ನೆಲದಿಂದ ತಾರಸಿಯವರೆಗೆ ಸಾಲಾಗಿ ಜನ, ಕೈಯಿಂದ ಕೈಗೆ ಕಾಂಕ್ರೀಟ್ ಬಾಂಡ್ಲಿ. ಜೀವಕೋಶಕ್ಕೆ ಶಕ್ತಿ ತಯಾರಿಸಿ ಕೊಡುವ ಮೈಟೊಕಾಂಡ್ರಿಯದೊಳಗೆ ಎಲೆಕ್ಟ್ರಾನುಗಳೂ ಹೀಗೇ ಕೈ ಬದಲಾಯಿಸುತ್ತಾ ಹೋಗುತ್ತವೆ. ಕೊನೆಗೆ ಇಸಿದುಕೊಳ್ಳುವುದು ಆಕ್ಸಿಜನ್. ನಾವು ಉಸಿರಾಡುವುದು ಅದಕ್ಕೇ. ಸಾಲಿನ ನಟ್ಟನಡುವೆ ಸೈಟೋಕ್ರೋಮ್ ಬಿ ಎಂಬ ಪ್ರೋಟೀನ್ ಇದೆ, ಅದರಲ್ಲೊಂದು ಗೂಡು. ಯುಬಿಕ್ವಿನಾಲ್ ಎಂಬ ಅಣು ಎಲೆಕ್ಟ್ರಾನ್ ಹೊತ್ತು ಬಂದು ಆ ಗೂಡಿನಲ್ಲಿ ಕೂತು ಹೊರೆ ಇಳಿಸಬೇಕು. ಸ್ಟ್ರಾಬಿಲ್ಯುರಿನ್ ಅದಕ್ಕಿಂತ ಮೊದಲೇ ಹೋಗಿ ಅಲ್ಲಿ ಕೂತುಬಿಡುತ್ತದೆ. ಕಿಟಕಿಯಿಂದ ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ಆದರೆ ಟವೆಲನ್ನು ಜಗಳ ಮಾಡಿ ಎತ್ತಿ ಎಸೆಯಬಹುದು. ಇದನ್ನು ಎಬ್ಬಿಸುವುದು ಅಷ್ಟು ಸುಲಭವಲ್ಲ. ಬೀಗದೊಳಗೆ ಬೇರೆ ಕೀಲಿ ಸಿಕ್ಕಿಕೊಂಡ ಹಾಗೆ ಅನ್ನಿ. ಕೆಳಗಿನವರ ಕೈಯಲ್ಲಿ ಬಾಂಡ್ಲಿ ತುಂಬಿದೆ, ಮೇಲಿನವರು ಖಾಲಿ ಕೈಯಲ್ಲಿ ನಿಂತಿದ್ದಾರೆ. ಶಿಲೀಂಧ್ರಕ್ಕೆ ಗಾಳಿ ಇದೆ, ಊಟ ಇದೆ, ಶಕ್ತಿ ಮಾತ್ರ ಇಲ್ಲ.

ಬೀಜಾಣು ಮೊಳೆಯುವಾಗ ಶಕ್ತಿ ಜಾಸ್ತಿ ಬೇಕು. ಅದಕ್ಕೇ ಏಟು ಜೋರಾಗಿ ಬೀಳುವುದು ಅಲ್ಲಿ. ಅಣಬೆ ತಾನೇ ಏಕೆ ಸಾಯುವುದಿಲ್ಲ? ಅದರ ಗೂಡಿನ ಆಕಾರ ಚೂರು ಬೇರೆ. ತನ್ನ ಕೀಲಿ ತನ್ನ ಬೀಗಕ್ಕೆ ಹಿಡಿಯುವುದಿಲ್ಲ.

ತೊಂದರೆ ಏನೆಂದರೆ ಆ ಗೂಡು ನಮ್ಮಲ್ಲೂ ಇದೆ. ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟರು. ಅವನ್ನು ಕೊಲ್ಲುವ ವಿಷ ನಮಗೂ ತಗಲುವ ಸಂಭವ ಜಾಸ್ತಿ. ಬ್ಯಾಕ್ಟೀರಿಯಕ್ಕೆ ಬಗೆಬಗೆಯ ಮಾತ್ರೆ ಇವೆ, ಫಂಗಸ್ಸಿಗೆ ಇರುವುದು ಬೆರಳೆಣಿಕೆಯ ಗುಂಪುಗಳು. 2021ರಲ್ಲಿ ಕಪ್ಪು ಫಂಗಸ್ ಬಂದಾಗ ಆಂಫೊಟೆರಿಸಿನ್ ಹುಡುಕಿಕೊಂಡು ಜನ ಅಲೆದಾಡಿದ್ದು ನೆನಪಿದೆಯಲ್ಲ? ಅದೂ ಅಣಬೆಯದಲ್ಲ, ಮಣ್ಣಿನ ಬ್ಯಾಕ್ಟೀರಿಯ ಕೊಟ್ಟಿದ್ದು. ಕಿಡ್ನಿಗೆ ಏಟು ಕೊಡುವ ಔಷಧಿ ಬೇರೆ.

ಹಾಗಾಗಿ ಸ್ಟ್ರಾಬಿಲ್ಯುರಿನ್ ಮಾತ್ರೆಯಾಗಲಿಲ್ಲ, ಹೊಲಕ್ಕೆ ಇಳಿಯಿತು. ಅದೂ ಸುಮ್ನೆ ಇಳಿಯಲಿಲ್ಲ. ಎಲೆಯ ಮೇಲೆ ಬಿಸಿಲು ಬಿದ್ದರೆ ಒಡೆದುಹೋಗುತ್ತಿತ್ತು. ನೆರಳಲ್ಲಿ ಬೆಳೆಯುವ ಅಣಬೆಗೆ ಬಿಸಿಲಿನ ಚಿಂತೆ ಯಾಕೆ? ಬ್ರಿಟನ್ನಿನ ಐಸಿಐ, ಜರ್ಮನಿಯ ಬಿಎಎಸ್‌ಎಫ್ ಎಂಬ ರಾಸಾಯನಿಕ ಕಂಪನಿಗಳು ಬೇರೆ ಬೇರೆಯಾಗಿ ಕೂತು, ಗೂಡಿಗೆ ಸಿಕ್ಕಿಕೊಳ್ಳುವ ತುದಿಯ ಅಚ್ಚು ಇಟ್ಟುಕೊಂಡು ಉಳಿದ ಅಣುವನ್ನು ಹೊಸದಾಗಿ ಕಟ್ಟಿದವು. 1996ರಲ್ಲಿ ಎರಡು ಕಡೆಯದೂ ಮಾರುಕಟ್ಟೆಗೆ ಬಂತು. ನಮ್ಮ ದ್ರಾಕ್ಷಿ, ಮೆಣಸಿನಕಾಯಿ ಬೆಳೆಗಾರರು ಹೊಡೆಯುವ ಅಜಾಕ್ಸಿಸ್ಟ್ರೋಬಿನ್ ಅದರಲ್ಲೊಂದು. ನಮ್ಮ ಮೈಯಲ್ಲಿ ಅದು ಬೇಗ ಒಡೆದುಹೋಗುತ್ತದೆ. ಮೀನಿಗೆ ಮಾತ್ರ ದೊಡ್ಡ ವಿಷ. ಪಂಪನ್ನು ಕೆರೆಯಲ್ಲಿ ತೊಳೆಯುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಇಷ್ಟೆಲ್ಲ ಇದ್ದೂ ನನ್ನ ಫೋನಿಗೆ ಬರುವುದು ರೀಶಿ ಎಂಬ ಅಣಬೆಯ ಪುಡಿಯ ಜಾಹೀರಾತು. ಹುಳುಕಡ್ಡಿ, ಗಜಕರ್ಣ, ಉಗುರು ಹುಳುಕು, ಎಲ್ಲಕ್ಕೂ ದಿನಕ್ಕೊಂದು ಚಮಚ. ಮೊನ್ನೆ ಕಳಿಸಿದ್ದು ಚನ್ನಗಿರಿ ಕಡೆಯ ನಮ್ಮ ಭಾವ. ಅವರದು ಅಡಿಕೆ ತೋಟ.

"ಭಾವ, ನಿಮ್ಮ ತೋಟದ ಅಣಬೆ ರೋಗ ಇದೇ ಅಲ್ವಾ?" ಅಂತ ಕೇಳಿದೆ.

ಆ ಕಡೆ ಸದ್ದಿಲ್ಲ. ಅಡಿಕೆ ಮರದ ಬುಡದಲ್ಲಿ ವಾರ್ನಿಷ್ ಬಳಿದ ಹಾಗೆ ಹೊಳೆಯುವ ಕೆಂಗಂದು ಅಣಬೆ ಎದ್ದರೆ ಆ ಮರದ ಆಸೆ ಬಿಟ್ಟ ಹಾಗೆ. ಅದು ಗ್ಯಾನೋಡರ್ಮಾ. ರೀಶಿಯೂ ಗ್ಯಾನೋಡರ್ಮಾ. ಪುಸ್ತಕಗಳಲ್ಲಿ ಬಹಳ ಕಾಲ ಎರಡಕ್ಕೂ ಒಂದೇ ಹೆಸರಿತ್ತು. ರೋಗ ತಡೆಯಲು ಭಾವ ಬೇವಿನ ಹಿಂಡಿಯಲ್ಲಿ ಕಲೆಸಿ ಬುಡಕ್ಕೆ ಹಾಕುವುದು ಯಾವುದನ್ನು ಗೊತ್ತೇ? ನನ್ನ ಚೀಲ ಹಾಳು ಮಾಡಿದ ಅದೇ ಟ್ರೈಕೋಡರ್ಮಾ.

ರೀಶಿಯಲ್ಲಿ ಏನೂ ಇಲ್ಲ ಅಂತಲ್ಲ. ಗ್ಯಾನೋಡರ್ಮಿನ್ ಎಂಬ ಪ್ರೋಟೀನನ್ನು 2006ರಲ್ಲಿ ವರದಿ ಮಾಡಿದ್ದಾರೆ. ಗಿಡಗಳಿಗೆ ರೋಗ ತರುವ ಕೆಲವು ಶಿಲೀಂಧ್ರಗಳನ್ನು ಅದು ತಡೆಯುತ್ತದೆ, ಗಾಜಿನ ತಟ್ಟೆಯಲ್ಲಿ. ತಿಂದರೆ? ಪ್ರೋಟೀನ್ ತಾನೇ. ತೊಗರಿಬೇಳೆಗೆ ಹೊಟ್ಟೆ ಏನು ಮಾಡುತ್ತದೋ ಇದಕ್ಕೂ ಅದನ್ನೇ ಮಾಡುತ್ತದೆ. ತೊಡೆಸಂದಿಯ ಹುಳುಕಡ್ಡಿಗೆ ಅದು ತಲುಪುವುದು ಯಾವ ದಾರಿಯಲ್ಲಿ? ಪುಡಿ ನೆಚ್ಚಿಕೊಂಡು ಚರ್ಮದ ಡಾಕ್ಟರ ಬಳಿ ಹೋಗುವುದನ್ನು ತಿಂಗಳುಗಟ್ಟಲೆ ಮುಂದೂಡಿದವರನ್ನು ನೋಡಿದ್ದೇನೆ. ಅಷ್ಟರಲ್ಲಿ ಮನೆಮಂದಿಗೆಲ್ಲ ಹಬ್ಬಿರುತ್ತದೆ.

ಹೊಲದ ಶಿಲೀಂಧ್ರಗಳೂ ಸುಮ್ಮನೆ ಕೂರಲಿಲ್ಲ. 1998ಕ್ಕೇ ಜರ್ಮನಿಯ ಗೋಧಿ ಹೊಲದ ಬೂದಿ ರೋಗ ಈ ಔಷಧಿಗೆ ಜಗ್ಗದೆ ನಿಂತಿತು. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಸೈಟೋಕ್ರೋಮ್ ಬಿ ಸರದ 143ನೇ ಮಣಿ ಗ್ಲೈಸಿನ್ ಇದ್ದದ್ದು ಅಲನಿನ್ ಆಗಿತ್ತು. ಒಂದೇ ಮಣಿ. ಗೂಡಿನ ಆಕಾರ ಬದಲಾಯಿತು, ಕೀಲಿ ಹಿಡಿಯಲಿಲ್ಲ. ಪೈನ್ ಕಾಯಿಯ ಅಣಬೆ ತನ್ನನ್ನು ಉಳಿಸಿಕೊಂಡದ್ದೂ ಇಂಥದೇ ಉಪಾಯದಿಂದ.

ಈಗ ಅಂಗಡಿಯ ಎಷ್ಟೋ ಬಾಟಲಿಗಳಲ್ಲಿ ಇದರ ಜೊತೆ ಇನ್ನೊಂದು ಔಷಧಿ ಬೆರೆಸಿರುತ್ತಾರೆ. ಒಂದು ಬೀಗ ಬದಲಾಯಿಸಿದವನಿಗೆ ಇನ್ನೊಂದು ಬಾಗಿಲಲ್ಲಿ ಕಾಯುವ ಹಾಗೆ. ಭಾವ ಮೆಣಸಿನ ಗಿಡಕ್ಕೆ ತಂದ ಬಾಟಲಿಯಲ್ಲೂ ಎರಡು ಹೆಸರಿತ್ತು. ಅಜಾಕ್ಸಿಸ್ಟ್ರೋಬಿನ್ ಅನ್ನುವುದರಲ್ಲಿ 'ಸ್ಟ್ರೋಬ್' ಬಂದದ್ದು ಪೈನ್ ಕಾಯಿಯ ಗ್ರೀಕ್ ಹೆಸರಿನಿಂದ ಅಂತ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಓದಿದರು. "ಅಣಬೆಯೇನಾದರೂ ಇದೆಯೇನೋ ಇದರಲ್ಲಿ?"

"ಇಲ್ಲ ಭಾವ, ಹೆಸರು ಮಾತ್ರ."