ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್: ತಂಡದಲ್ಲಿ 15 ಜನ ಎಂದರೆ 15 ಸ್ಕಾಲರ್‌ಶಿಪ್ ಎಂದರ್ಥವೇ?

ಓದುಗರ ಪ್ರಶ್ನೆ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಹುಡುಗರ ತಂಡಕ್ಕೆ 13 ಸ್ಕಾಲರ್‌ಶಿಪ್ ಎಂದು ಓದಿದ್ದೆವು. ಈಗ ಎಲ್ಲರೂ 15 ಎನ್ನುತ್ತಾರೆ. ಹಾಗಾದರೆ ತಂಡಕ್ಕೆ ಸೇರಿದ ಹದಿನೈದೂ ಜನರ ಖರ್ಚು ಪೂರ್ತಿ ಕಾಲೇಜಿನದೇ?

ಉತ್ತರ: ಅಲ್ಲ. ಹಳೆಯ 13 ಎಣಿಸುತ್ತಿದ್ದುದು ಸ್ಕಾಲರ್‌ಶಿಪ್‌ಗಳನ್ನು. ಹೊಸ 15 ಎಣಿಸುವುದು ತಂಡದಲ್ಲಿರುವ ತಲೆಗಳನ್ನು. ಆ ಹದಿನೈದು ಜನರಲ್ಲಿ ಯಾರಿಗೆ ಎಷ್ಟು ಕೊಡಬೇಕು, ಕೊಡಬೇಕೋ ಬೇಡವೋ ಎಂಬುದು ಕಾಲೇಜಿಗೆ ಬಿಟ್ಟದ್ದು.

2025ರ ಜೂನ್‌ವರೆಗೆ, ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎಯ ಮೇಲಿನ ಹಂತವಾದ ಡಿವಿಷನ್ 1ರಲ್ಲಿ ಪುರುಷರ ತಂಡಕ್ಕೆ 13, ಮಹಿಳೆಯರ ತಂಡಕ್ಕೆ 15 ಸ್ಕಾಲರ್‌ಶಿಪ್ ಎಂಬ ಮಿತಿ ಇತ್ತು. ಬ್ಯಾಸ್ಕೆಟ್‌ಬಾಲ್ ಆಗ ‘ಹೆಡ್‌ಕೌಂಟ್’ ಆಟ. ಒಬ್ಬ ಆಟಗಾರನಿಗೆ ಬರೀ ಅರ್ಧ ಫೀಸು ಕೊಟ್ಟರೂ ಹದಿಮೂರರಲ್ಲಿ ಒಂದು ಇಡಿಯಾಗಿ ಖರ್ಚಾದಂತೆ. ಹೀಗಾಗಿ ಅರ್ಧಂಬರ್ಧ ಕೊಡುವುದರಿಂದ ಕೋಚ್‌ಗೆ ಲಾಭವೇ ಇರಲಿಲ್ಲ. ಕೊಟ್ಟರೆ ಸಾಮಾನ್ಯವಾಗಿ ಪೂರ್ತಿಯೇ. ಆದರೆ ತಂಡದಲ್ಲಿ ಒಟ್ಟು ಎಷ್ಟು ಜನ ಇರಬಹುದೆಂಬುದಕ್ಕೆ ಅಂಥ ಮಿತಿ ಇರಲಿಲ್ಲ. ಸ್ವಂತ ಖರ್ಚಿನಲ್ಲಿ ಓದುತ್ತ ಆಡುವ ‘ವಾಕ್-ಆನ್’ ಆಟಗಾರರನ್ನು ಕೋಚ್ ತನಗೆ ಬೇಕಾದಷ್ಟು ಸೇರಿಸಿಕೊಳ್ಳಬಹುದಿತ್ತು. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಆಡಿದ್ದು ಈ ಹಳೆಯ ಪದ್ಧತಿಯ ಕಾಲದಲ್ಲಿ.

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ‘ಹೌಸ್’ ಮೊಕದ್ದಮೆಯ ರಾಜಿ ಒಪ್ಪಂದಕ್ಕೆ ಅಂತಿಮ ಒಪ್ಪಿಗೆ ಕೊಟ್ಟರು. ಜುಲೈ 1ರಿಂದ ಅದು ಜಾರಿಗೆ ಬಂತು. ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ಕೊಡುವುದು ಅದರ ಒಂದು ಭಾಗ. ನಮ್ಮ ಪ್ರಶ್ನೆಗೆ ಬೇಕಾದದ್ದು ಇನ್ನೊಂದು ಭಾಗ. ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ ಸ್ಕಾಲರ್‌ಶಿಪ್ ಮಿತಿ ರದ್ದಾಯಿತು, ಅದರ ಜಾಗಕ್ಕೆ ರೋಸ್ಟರ್ ಮಿತಿ, ಅಂದರೆ ತಂಡದ ಪಟ್ಟಿಯಲ್ಲಿ ಇರಬಹುದಾದ ಒಟ್ಟು ಜನರ ಮಿತಿ, ಬಂತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಪುರುಷರಿಗೂ ಮಹಿಳೆಯರಿಗೂ ಅದು 15. ವಾಕ್-ಆನ್ ಕೂಡ ಈ ಹದಿನೈದರೊಳಗೇ ಬರಬೇಕು. ಆ ವರ್ಷ ಪಂದ್ಯ ಆಡದೆ ಬರೀ ಅಭ್ಯಾಸ ಮಾಡುವ ‘ರೆಡ್‌ಶರ್ಟ್’ ಆಟಗಾರನೂ ಅಷ್ಟೇ. ಮಿತಿಯ ದೆಸೆಯಿಂದ ಆಗಲೇ ಜಾಗ ಕಳೆದುಕೊಂಡಿದ್ದ ಕೆಲವರನ್ನು ಮಾತ್ರ ಎಣಿಕೆಯಿಂದ ಹೊರಗಿಟ್ಟಿದ್ದಾರೆ. ಅವರ ಓದು ಮುಗಿದಂತೆ ಆ ವಿನಾಯಿತಿಯೂ ಮುಗಿಯುತ್ತದೆ.

ಇದರ ಜೊತೆಗೆ ಬಂದ ಇನ್ನೊಂದು ಬದಲಾವಣೆಯ ಬಗ್ಗೆ ಹೆಚ್ಚಿನವರು ಮಾತಾಡುವುದೇ ಇಲ್ಲ. ಈ ಕಾಲೇಜುಗಳಲ್ಲಿ ಹೆಡ್‌ಕೌಂಟ್ ಎಂಬುದೇ ಹೋಯಿತು. ಕೋಚ್ ಈಗ ಒಬ್ಬರಿಗೆ ಪೂರ್ತಿ, ಇನ್ನೊಬ್ಬರಿಗೆ ಕಾಲು ಭಾಗ, ಮತ್ತೊಬ್ಬರಿಗೆ ಏನೂ ಇಲ್ಲ ಎಂದು ಹಂಚಬಹುದು. ಹುಡುಗರ ತಂಡದಲ್ಲಿ 13 ಹೋಗಿ 15 ಆದದ್ದು ಮೇಲ್ನೋಟಕ್ಕೆ ಲಾಭ. ಹುಡುಗಿಯರ ತಂಡದಲ್ಲಿ ಸಂಖ್ಯೆ 15 ಆಗಿಯೇ ಉಳಿಯಿತು, ಆದರೆ ಕೊಟ್ಟರೆ ಪೂರ್ತಿ ಎಂಬ ಒತ್ತಾಯ ಸಡಿಲವಾಯಿತು. ಹೆಣ್ಣುಮಕ್ಕಳನ್ನು ಕಳಿಸುವವರು ಇದನ್ನು ಗಟ್ಟಿಯಾಗಿ ಗಮನದಲ್ಲಿಡಬೇಕು. ‘ಪೂರ್ತಿ ಸ್ಕಾಲರ್‌ಶಿಪ್ಪೇ?’ ಎಂಬ ಪ್ರಶ್ನೆ ಮೊದಲು ಬೇಕಿರಲಿಲ್ಲ, ಈಗ ಕೇಳಲೇಬೇಕು.

ಹುಡುಗರ ಆ ಎರಡು ಹೆಚ್ಚುವರಿ ಸ್ಕಾಲರ್‌ಶಿಪ್ಪೂ ಪುಕ್ಕಟೆಯಲ್ಲ. ಅದೇ ಒಪ್ಪಂದದ ಪ್ರಕಾರ ಕಾಲೇಜು ತನ್ನ ಎಲ್ಲ ಆಟಗಳ ಆಟಗಾರರಿಗೆ ನೇರವಾಗಿ ಹಂಚಬಹುದಾದ ಹಣಕ್ಕೆ 2025–26ರಲ್ಲಿ 2.05 ಕೋಟಿ ಡಾಲರ್ ಮಿತಿ. ಹಳೆಯ ಮಿತಿಯನ್ನು ಮೀರಿ ಕೊಡುವ ಹೊಸ ಸ್ಕಾಲರ್‌ಶಿಪ್‌ಗಳ ಮೊತ್ತ, 25 ಲಕ್ಷ ಡಾಲರ್‌ವರೆಗೆ, ಇದೇ ಮಿತಿಯೊಳಗೆ ಎಣಿಕೆಯಾಗುತ್ತದೆ. ವರ್ಷಕ್ಕೆ 80,000 ಡಾಲರ್ ಆಗುವ ಖಾಸಗಿ ಕಾಲೇಜೊಂದು ಹದಿನಾಲ್ಕನೆಯ, ಹದಿನೈದನೆಯ ಹುಡುಗರಿಗೂ ಪೂರ್ತಿ ಕೊಟ್ಟಿತು ಎನ್ನಿ. ಇತರ ಆಟಗಾರರಿಗೆ ಹಂಚಬಹುದಾಗಿದ್ದ ಹಣದಲ್ಲಿ 1,60,000 ಡಾಲರ್ ಖೋತಾ. ಬೆಂಚಿನ ತುದಿಯಲ್ಲಿ ಕೂರುವವರಿಗೆ ಹಣ ಬಿಡಿಸಲು ಕಾಲೇಜುಗಳು ಹಿಂದೆಮುಂದೆ ನೋಡುವುದು ಇದಕ್ಕೇ. ಅಂಕಣದಲ್ಲಿ ಆಡುವವರು ಐದು ಜನ, ಹೆಚ್ಚೆಂದರೆ ಎಂಟೊಂಬತ್ತು ಜನ ಸರದಿಯ ಮೇಲೆ ಇಳಿಯುತ್ತಾರೆ. ಐದಕ್ಕೆ ಐದರ ಅಭ್ಯಾಸಕ್ಕೆ ಹತ್ತು ಜನ ಬೇಕು, ಗಾಯಾಳುಗಳನ್ನು ಲೆಕ್ಕಕ್ಕಿಟ್ಟರೆ ಹದಿಮೂರು. ಉಳಿದ ಎರಡು ಜಾಗಗಳಿಗೆ ಸ್ವಂತ ಖರ್ಚಿನವರು ಬಂದರೂ ಸರಿ, ಅವು ಖಾಲಿ ಉಳಿದರೂ ಸರಿ.

ಎಲ್ಲ ಕಾಲೇಜುಗಳೂ ಒಪ್ಪಂದಕ್ಕೆ ಸೇರಿಲ್ಲ ಎಂಬುದೂ ನೆನಪಿರಲಿ. ಎಸ್‌ಇಸಿ, ಬಿಗ್ ಟೆನ್, ಬಿಗ್ 12, ಎಸಿಸಿಯಂಥ ದೊಡ್ಡ ಒಕ್ಕೂಟಗಳು ಅದರೊಳಗಿವೆ. ಹೊರಗುಳಿದ ಡಿವಿಷನ್ 1 ಕಾಲೇಜುಗಳಲ್ಲಿ 13 ಮತ್ತು 15ರ ಹಳೆಯ ಸ್ಕಾಲರ್‌ಶಿಪ್ ಮಿತಿಯೇ ನಡೆಯುತ್ತದೆ, ರೋಸ್ಟರ್ ಮಿತಿ ಅವಕ್ಕೆ ಅನ್ವಯಿಸದು. ಐವಿ ಲೀಗ್‌ನ ಎಂಟು ವಿಶ್ವವಿದ್ಯಾಲಯಗಳು ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ; ಅಲ್ಲಿ ಸಿಗುವುದು ಮನೆಯ ಆದಾಯ ನೋಡಿ ಕೊಡುವ ನೆರವು. ಆದ್ದರಿಂದ ಕೋಚ್‌ಗೆ ಕೇಳುವ ಮೊದಲ ಪ್ರಶ್ನೆ: ‘ನಿಮ್ಮ ಕಾಲೇಜು ಹೌಸ್ ಒಪ್ಪಂದಕ್ಕೆ ಸೇರಿದೆಯೇ?’

ಕೆಳಗಿನ ಹಂತಗಳ ಲೆಕ್ಕವೇ ಬೇರೆ. ಡಿವಿಷನ್ 2ರಲ್ಲಿ ತಂಡಕ್ಕೆ 10 ಪೂರ್ಣ ಸ್ಕಾಲರ್‌ಶಿಪ್‌ಗೆ ಸಮನಾದ ಮೊತ್ತವಿದ್ದು, ಅದನ್ನು ತುಂಡು ಮಾಡಿ ಹಂಚಬಹುದು. ವರ್ಷದ ಖರ್ಚು 40,000 ಡಾಲರ್ ಇರುವಲ್ಲಿ ಒಬ್ಬರಿಗೆ 10,000 ಕೊಟ್ಟರೆ 0.25 ಖರ್ಚಾಯಿತು ಎಂದು ಲೆಕ್ಕ. ಎನ್‌ಸಿಎಎಯಿಂದ ಬೇರೆಯೇ ಆದ ಎನ್‌ಎಐಎ ಎಂಬ ಸಂಸ್ಥೆಯ ಕಾಲೇಜುಗಳಲ್ಲೂ ಇದೇ ರೀತಿ, ಮಿತಿ 8. ಎರಡು ವರ್ಷದ ಜೂನಿಯರ್ ಕಾಲೇಜುಗಳ ಎನ್‌ಜೆಸಿಎಎ ಡಿವಿಷನ್ 1ರಲ್ಲಿ 15. ಎನ್‌ಸಿಎಎ ಡಿವಿಷನ್ 3ರಲ್ಲಿ ಆಟದ ಸ್ಕಾಲರ್‌ಶಿಪ್ ಸೊನ್ನೆ.

ಭಾಗಶಃ ನೆರವು ಸಿಕ್ಕಾಗ ನಮ್ಮ ಮಕ್ಕಳಿಗೆ ಪೆಟ್ಟು ಬೀಳುವುದು ವೀಸಾ ಹಂತದಲ್ಲಿ. ಕಾಲೇಜು ಕಳಿಸುವ ಐ-20 ಪತ್ರದಲ್ಲಿ ವರ್ಷದ ಒಟ್ಟು ಖರ್ಚು, ಕಾಲೇಜು ಕೊಡುವ ಪಾಲು, ಮನೆಯವರು ಭರಿಸುವ ಪಾಲು ಎಲ್ಲ ನಮೂದಾಗುತ್ತವೆ. ಮನೆಯವರ ಪಾಲಿಗೆ ಬ್ಯಾಂಕ್ ದಾಖಲೆ ತೋರಿಸಬೇಕು. ಸರ್ಕಾರಿ ವಿಶ್ವವಿದ್ಯಾಲಯವಾದರೆ ಹೊರಗಿನವರಿಗೆ ಫೀಸು ಜಾಸ್ತಿ. ಅದೇ 10,000 ಡಾಲರ್ ನ್ಯೂಜೆರ್ಸಿಯ ಕನ್ನಡಿಗರ ಮಗಳಿಗೆ ಅಲ್ಲಿನ ರಾಜ್ಯ ವಿಶ್ವವಿದ್ಯಾಲಯದಲ್ಲಿ ದೊಡ್ಡ ಪಾಲನ್ನು ತುಂಬಿದರೆ, ಹುಬ್ಬಳ್ಳಿಯಿಂದ ಹೋದವಳಿಗೆ ಸಣ್ಣ ಪಾಲನ್ನಷ್ಟೇ ತುಂಬುತ್ತದೆ. ಹಣ ಹಿಗ್ಗಿಸಿ ಬಳಸಬೇಕಾದ ಕೋಚ್ ಯಾರ ಕಡೆ ವಾಲುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕಾಲದ ವಿಷಯ. ಹದಿನೈದರ ಮಿತಿಯೊಳಗೆ ಬರಬೇಕಾದದ್ದು ನವೆಂಬರ್ ಆರಂಭದ ಮೊದಲ ಪಂದ್ಯದ ಹೊತ್ತಿಗೆ. ಆಗಸ್ಟ್‌ನಲ್ಲಿ ಹದಿನೇಳು ಜನರನ್ನು ಸೇರಿಸಿಕೊಂಡು ಅಕ್ಟೋಬರ್‌ನಲ್ಲಿ ಇಬ್ಬರನ್ನು ಬಿಡಬಹುದು. ಸಹಿಯಾದ ನೆರವಿನ ಪತ್ರ ಕೈಯಲ್ಲಿದ್ದವರಿಗೆ ಜಾಗ ಹೋದರೂ ಹಣ ಉಳಿಯುತ್ತದೆ. ವಾಕ್-ಆನ್ ಆಗಿ ಹೋದವರಿಗೆ ಆ ಆಸರೆ ಇಲ್ಲ. ವಿಮಾನದ ಖರ್ಚು, ಮೊದಲ ಸೆಮಿಸ್ಟರ್‌ನ ಫೀಸು ಎಲ್ಲ ಕಟ್ಟಿಯಾದ ಮೇಲೆ ಆಟವೂ ಇಲ್ಲ, ನೆರವೂ ಇಲ್ಲ. ಕೋಚೇ ಕರೆದು ಸೇರಿಸಿಕೊಳ್ಳುವ ವಾಕ್-ಆನ್‌ಗೆ ಹೇಳುವ ‘ಪ್ರಿಫರ್ಡ್ ವಾಕ್-ಆನ್’ ಎಂಬ ಮಾತು ಕೇಳಲು ಚೆಂದ, ಆದರೆ ಅದರ ಹಿಂದೆ ಕಾಲೇಜಿಗೆ ಹಣದ ಹೊಣೆ ಯಾವುದೂ ಇಲ್ಲ.

ಇದೇ ಕಾಲೇಜಿಗೆ ಸೇರುತ್ತೇನೆಂದು ಹಿಂದೆ ಸಹಿ ಮಾಡಿಸುತ್ತಿದ್ದ ‘ನ್ಯಾಷನಲ್ ಲೆಟರ್ ಆಫ್ ಇಂಟೆಂಟ್’ ಅನ್ನು 2024ರ ಅಕ್ಟೋಬರ್‌ನಲ್ಲಿ ಕೈಬಿಟ್ಟರು. ಈಗ ಲೆಕ್ಕಕ್ಕೆ ಬರುವ ಕಾಗದ ಕಾಲೇಜಿನ ಆರ್ಥಿಕ ನೆರವಿನ ಒಪ್ಪಂದ ಪತ್ರ. ಮೊತ್ತ ಎಷ್ಟು, ಒಂದು ವರ್ಷಕ್ಕೋ ನಾಲ್ಕು ವರ್ಷಕ್ಕೋ, ಬೇಸಿಗೆ ತರಗತಿಗೂ ಉಂಟೋ, ಫೀಸು, ವಸತಿ, ಊಟ, ಪುಸ್ತಕದ ಜೊತೆಗೆ ಇತರ ಖರ್ಚೂ ಸೇರಿದೆಯೋ ಎಂದು ಸಾಲುಸಾಲಾಗಿ ಓದಬೇಕು. ಪತ್ರದ ಅವಧಿಯೊಳಗೆ ಆಟ ಚೆನ್ನಾಗಿಲ್ಲ, ಗಾಯವಾಗಿದೆ ಎಂದು ನೆರವು ಕಡಿತ ಮಾಡುವಂತಿಲ್ಲ. 2024ರ ಆಗಸ್ಟ್ 1ರಿಂದ ಡಿವಿಷನ್ 1ರ ಎಲ್ಲ ಕಾಲೇಜುಗಳಿಗೂ ಈ ರಕ್ಷಣೆ ಕಡ್ಡಾಯ. ಆಟದಲ್ಲಾದ ಗಾಯಕ್ಕೆ ಕಾಲೇಜು ಬಿಟ್ಟ ಮೇಲೂ ಎರಡು ವರ್ಷ ಚಿಕಿತ್ಸೆಯ ವೆಚ್ಚ ಭರಿಸಬೇಕೆಂಬುದೂ ಅದರಲ್ಲಿದೆ. ಆದರೆ ಆಟಗಾರ್ತಿ ತಾನಾಗಿಯೇ ತಂಡ ಬಿಟ್ಟರೆ, ಅಂಕ ಸಾಲದೆ ಅನರ್ಹಳಾದರೆ, ಸುಳ್ಳು ಮಾಹಿತಿ ಕೊಟ್ಟಿದ್ದರೆ, ಗಂಭೀರ ದುರ್ನಡತೆ ಸಾಬೀತಾದರೆ ನೆರವು ನಿಲ್ಲಬಹುದು. ‘ನೀನೇ ಬಿಟ್ಟೆ ಎಂದು ಬರೆದುಕೊಡು’ ಎಂದು ಯಾರಾದರೂ ಕೇಳಿದರೆ ಸಹಿ ಹಾಕುವ ಮುನ್ನ ನಿಯಮ ಪಾಲನೆ ನೋಡಿಕೊಳ್ಳುವ ಕಾಲೇಜಿನ ಕಂಪ್ಲಯನ್ಸ್ ಕಚೇರಿಯಲ್ಲಿ ವಿಚಾರಿಸಿ. ನವೀಕರಣ ಇಲ್ಲ ಎಂದಾದರೆ ಅದನ್ನು ಜುಲೈ 1ರೊಳಗೆ ಬರಹದಲ್ಲಿ ತಿಳಿಸಬೇಕು, ಮೇಲ್ಮನವಿಗೂ ಅವಕಾಶವಿರಬೇಕು.

ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕವರಿಗೂ ಕೈಯಿಂದ ಒಂದಿಷ್ಟು ಖರ್ಚು ಬರುತ್ತದೆ, ಅದು ತೆರಿಗೆ. ಫೀಸು ಮತ್ತು ಪಠ್ಯಪುಸ್ತಕದ ಪಾಲಿಗೆ ತೆರಿಗೆ ಇಲ್ಲ, ವಸತಿ ಮತ್ತು ಊಟದ ಪಾಲಿಗೆ ಇದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರ ಆ ಪಾಲಿನ ಮೇಲೆ ಕಾಲೇಜು ಸಾಮಾನ್ಯವಾಗಿ 14% ಹಿಡಿದುಕೊಳ್ಳುತ್ತದೆ. 15,000 ಡಾಲರ್ ವಸತಿ-ಊಟಕ್ಕೆ ಅದು 2,100 ಡಾಲರ್. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಡಿ ಭಾರತದ ವಿದ್ಯಾರ್ಥಿಗಳು ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ಒಂದು ನಿಗದಿತ ಮೊತ್ತಕ್ಕೆ ತೆರಿಗೆ ವಿನಾಯಿತಿ, ಪಡೆಯಬಹುದು. ಬೇರೆ ಹೆಚ್ಚಿನ ಆದಾಯ ಇಲ್ಲದವರಿಗೆ ಹಿಡಿದ ಹಣದ ಬಹುಪಾಲು ಅಥವಾ ಪೂರ್ತಿ ವಾಪಸ್ ಬರುವ ಸಾಧ್ಯತೆ ಇದೆ. ಹಿಡಿದ ತೆರಿಗೆಯ ಲೆಕ್ಕವಾಗಿ ಕಾಲೇಜು ಕೊಡುವ 1042-ಎಸ್ ಪತ್ರವನ್ನು ಜೋಪಾನವಾಗಿಟ್ಟುಕೊಂಡು ಮರುವರ್ಷ 1040-ಎನ್‌ಆರ್ ಎಂಬ ತೆರಿಗೆ ಅರ್ಜಿ ಸಲ್ಲಿಸಿದರೆ ಮಾತ್ರ.