ಟ್ಯಾಲಿ ಸಾಲುತ್ತಿಲ್ಲ, ಇಆರ್‌ಪಿ ಕೊಳ್ಳೋಣವೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಮಷೀನಿಂಗ್ ಘಟಕವಿದೆ, ಪ್ರೈವೇಟ್ ಲಿಮಿಟೆಡ್ ಕಂಪನಿ. ಹನ್ನೆರಡು ಜನರಿದ್ದವರು ಈಗ ನಲವತ್ತಾಗಿದ್ದೇವೆ, ವಹಿವಾಟು ಆರು ಕೋಟಿ ದಾಟಿದೆ. ಲೆಕ್ಕ ಟ್ಯಾಲಿಯಲ್ಲಿ, ಉಳಿದದ್ದೆಲ್ಲ ಎಕ್ಸೆಲ್ ಮತ್ತು ವಾಟ್ಸ್‌ಆ್ಯಪ್‌ನಲ್ಲಿ. ಯಾವ ಮಾಲು ಎಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಲೆಕ್ಕ, ದಾಸ್ತಾನು, ಉತ್ಪಾದನೆ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಇಆರ್‌ಪಿ ಸಾಫ್ಟ್‌ವೇರ್ ಕೊಳ್ಳೋಣವೇ? ಹೌದಾದರೆ ಯಾವುದನ್ನು?

ಉತ್ತರ: ನಿಮ್ಮನ್ನು ಕಾಡುತ್ತಿರುವುದು ಲೆಕ್ಕಪತ್ರವಲ್ಲ, ಮಾಲಿನ ಓಡಾಟ. ಆದ್ದರಿಂದ ಯಾರದೇ ಡೆಮೊ ನೋಡುವ ಮೊದಲು, ಕಳೆದ ತಿಂಗಳು ನಿಮಗೆ ಅತಿ ಹೆಚ್ಚು ತಲೆನೋವು ಕೊಟ್ಟ ಒಂದು ಆರ್ಡರನ್ನು ಎತ್ತಿಕೊಂಡು, ಅದು ನಡೆದ ದಾರಿಯನ್ನು ಒಂದು ಹಾಳೆಯ ಮೇಲೆ ಬರೆಯಿರಿ.

ಗ್ರಾಹಕರು 180 ಪಂಪ್ ಬಾಡಿ ಕೇಳಿದ್ದಾರೆ ಎನ್ನೋಣ. ಫೌಂಡ್ರಿಯಿಂದ 200 ಕಾಸ್ಟಿಂಗ್ ಬಂದವು. ಫೌಂಡ್ರಿಯವರ ಬಿಲ್ ಕಿಲೋ ಲೆಕ್ಕದಲ್ಲಿ, ನಿಮ್ಮ ಸ್ಟೋರ್‌ನ ಎಣಿಕೆ ಬಿಡಿ ನಗಗಳ ಲೆಕ್ಕದಲ್ಲಿ. ಲೇಥ್ ಮೇಲೆ ಏರಿಸಿದಾಗ ಒಂಬತ್ತರಲ್ಲಿ ಗಾಳಿಗುಳ್ಳೆ ಕಂಡಿತು. ಅವು ಡೆಬಿಟ್ ನೋಟ್ (ಅವುಗಳ ಹಣ ಕಡಿತಗೊಳಿಸುವ ಚೀಟಿ) ಸಮೇತ ಫೌಂಡ್ರಿಗೆ ಮರಳಬೇಕು. ಉಳಿದ 191ರಲ್ಲಿ 100 ಸೋಮವಾರ, 91 ಬುಧವಾರ ಹೊರಗಿನವರ ಬಳಿ ಪ್ಲೇಟಿಂಗ್‌ಗೆ, ಅಂದರೆ ಲೋಹದ ಲೇಪನಕ್ಕೆ, ಹೋದವು. ಮೊದಲ ಕಂತಿನಿಂದ ಹಿಂದೆ ಬಂದದ್ದು 97. ಮೂರು ಎಲ್ಲಿ? ಪ್ಲೇಟಿಂಗ್‌ನವರ ಬಳಿಯೇ ಉಳಿದವೇ, ಹಾಳಾದವೇ, ಟೆಂಪೊದಿಂದ ಇಳಿಸುವಾಗ ಎಣಿಕೆ ತಪ್ಪಿತೇ? ಉತ್ತರವಿರುವುದು ಸೂಪರ್‌ವೈಸರ್ ಅವರ ಜೇಬಿನ ಡೈರಿಯಲ್ಲಿ, ಅವರು ಇವತ್ತು ರಜೆಯಲ್ಲಿದ್ದಾರೆ.

ತೆರಿಗೆಯ ದೃಷ್ಟಿಯಿಂದಲೂ ಆ ಮೂರು ಬಾಡಿಗಳು ಸಣ್ಣ ಸಂಗತಿಯಲ್ಲ. ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಜಾಬ್ ವರ್ಕ್‌ಗೆ, ಅಂದರೆ ಪ್ಲೇಟಿಂಗ್‌ನಂತೆ ಹೊರಗಿನವರಿಂದ ಮಾಡಿಸುವ ಕೆಲಸಕ್ಕೆ, ಕಳಿಸಿದ ಮಾಲು ಒಂದು ವರ್ಷದೊಳಗೆ ಹಿಂದಿರುಗಬೇಕು, ಇಲ್ಲವೇ ಅಲ್ಲಿಂದಲೇ ಗ್ರಾಹಕರಿಗೆ ಹೋಗಬೇಕು. ತಪ್ಪಿದರೆ, ಕಳಿಸಿದ ದಿನವೇ ನೀವು ಅದನ್ನು ಪೂರೈಕೆ ಮಾಡಿದಂತೆ ಲೆಕ್ಕ. ವಹಿವಾಟು ಐದು ಕೋಟಿ ದಾಟಿದವರು, ಹೀಗೆ ಹೋದ, ಬಂದ ಮಾಲಿನ ವಿವರ ಕೊಡುವ ಐಟಿಸಿ-04 ನಮೂನೆಯನ್ನು ಆರು ತಿಂಗಳಿಗೊಮ್ಮೆ ಸಲ್ಲಿಸಬೇಕು. ಮಾಲಿನ ಜೊತೆ ಕಳಿಸುವ ಚಲನ್‌ಗಳ ಪುಸ್ತಕಗಳ ರಾಶಿ ಮುಂದಿಟ್ಟುಕೊಂಡು ಅದನ್ನು ತುಂಬಿದವರಿಗೆ ಆ ಪಾಡು ಗೊತ್ತು.

ಆ ಹಾಳೆಯನ್ನು ಮಾರಾಟಗಾರರ ಕೈಗೆ ಕೊಟ್ಟು, ‘ಇದನ್ನು ನಮ್ಮ ಕಣ್ಣೆದುರು ನಮೂದಿಸಿ ತೋರಿಸಿ’ ಎನ್ನಿ. ಯಾವ ಹೆಜ್ಜೆಗೆ ‘ಆಮೇಲೆ ಮಾಡಿಕೊಡುತ್ತೇವೆ’ ಎಂಬ ಉತ್ತರ ಬರುತ್ತದೋ, ಅದರ ಖರ್ಚನ್ನು ಅಲ್ಲೇ ಬರೆಸಿಕೊಳ್ಳಿ.

ಈ ಪರೀಕ್ಷೆಗೆ ಮೊದಲು ಕೂರಿಸಬೇಕಾದದ್ದು ಟ್ಯಾಲಿಯನ್ನೇ. ಟ್ಯಾಲಿಪ್ರೈಮ್‌ನಲ್ಲಿ ಜಾಬ್ ವರ್ಕ್‌ಗೆ ಹೋಗುವ, ಬರುವ ಮಾಲಿನ ವೋಚರ್‌ಗಳಿವೆ. ಕಿಲೋ ಮತ್ತು ನಗ ಎರಡನ್ನೂ ಇಡಬಹುದು. ಎಷ್ಟೋ ಘಟಕಗಳಲ್ಲಿ ಆ ಸೌಲಭ್ಯವನ್ನು ಚಾಲೂ ಮಾಡಿಯೇ ಇರುವುದಿಲ್ಲ. ಮೂರು ತಿಂಗಳು ಅದರಲ್ಲೇ ನಡೆಸಿ ನೋಡಿ. ಯಂತ್ರಗಳಿರುವ ಶಾಪ್‌ನಲ್ಲಿ ಐದಾರು ಜನ ಮೊಬೈಲ್‌ನಿಂದಲೇ ನಮೂದಿಸಬೇಕು, ಪ್ರತಿ ಹಂತದ ತಪಾಸಣೆ ದಾಖಲಾಗಬೇಕು, ಯಾವ ಯಂತ್ರಕ್ಕೆ ಯಾವ ಕೆಲಸ ಎಂಬ ಯೋಜನೆಯೂ ಬೇಕು ಎಂದಾದರೆ ಮಾತ್ರ ಹೊರಗೆ ಹುಡುಕಿ. ಮುಂಬೈನಲ್ಲಿ ರೂಪುಗೊಂಡ ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶ, ಅದಕ್ಕೆ ಪರವಾನಗಿ ಶುಲ್ಕವಿಲ್ಲ. ಅದನ್ನು ನಿಮ್ಮ ಕೆಲಸಕ್ಕೆ ಹೊಂದಿಸಿ, ವರ್ಷಪೂರ್ತಿ ನೋಡಿಕೊಳ್ಳುವವರಿಗೆ ಹಣ ಕೊಡಬೇಕು. ಬೆಲ್ಜಿಯಂ ಮೂಲದ ಒಡೂ ಎಂಬ ಇನ್ನೊಂದು ಇಆರ್‌ಪಿಯ ಉಚಿತ ಆವೃತ್ತಿಯಲ್ಲಿ ಪೂರ್ಣ ಲೆಕ್ಕಪತ್ರ ಸಿಗುವುದಿಲ್ಲ. ಎಸ್‌ಎಪಿ ಬಿಸಿನೆಸ್ ಒನ್ ನಿಮ್ಮ ಇವತ್ತಿನ ಗಾತ್ರಕ್ಕೆ ಭಾರವೆಂದೇ ನನ್ನ ಅಭಿಪ್ರಾಯ. ಯಾವುದನ್ನೇ ಆರಿಸಿದರೂ, ಕರೆದಾಗ ಉದ್ಯಮಬಾಗಕ್ಕೆ ಬಂದು ಶಾಪ್‌ನಲ್ಲಿ ನಿಂತು ಕೆಲಸ ಮಾಡಿಕೊಡುವವರು ಯಾರು ಎಂಬುದು ಹೆಸರಿಗಿಂತ ಮುಖ್ಯ.

ಕಾನೂನಿನ ಎರಡು ಷರತ್ತುಗಳಲ್ಲಿ ರಿಯಾಯಿತಿ ಬೇಡ. ವಹಿವಾಟು ಐದು ಕೋಟಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಿದ ಬಿಲ್) ಕಡ್ಡಾಯ. ಕಂಪನಿಯಾಗಿರುವುದರಿಂದ, ಲೆಕ್ಕದಲ್ಲಿ ಆದ ಪ್ರತಿ ತಿದ್ದುಪಡಿಯನ್ನೂ ದಾಖಲಿಸುವ, ಆ ದಾಖಲೆಯನ್ನು ನಿಲ್ಲಿಸಲು ಬಾರದ ಸಾಫ್ಟ್‌ವೇರನ್ನೇ ನೀವು ಬಳಸಬೇಕು. ಇದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಇನ್ನು ಹೆಸರುಗಳ ವಿಷಯ. ಒಂದೇ ಪಂಪ್ ಬಾಡಿಗೆ ಡ್ರಾಯಿಂಗ್ ಸಂಖ್ಯೆ ಒಂದು, ಗ್ರಾಹಕರ ಕೋಡ್ ಇನ್ನೊಂದು, ಶಾಪ್‌ನಲ್ಲಿ ಕರೆಯುವುದು ‘ದೊಡ್ಡ ಬಾಡಿ’ ಎಂದು. ಹಳೆಯ ಎಕ್ಸೆಲ್ ಹಾಳೆಗಳನ್ನು ಹಾಗೆಯೇ ಸುರಿದರೆ ಒಂದು ವಸ್ತು ಮೂರಾಗುತ್ತದೆ. ನಾನು ಕಂಡ ಒಂದು ಘಟಕದಲ್ಲಿ ರ‍್ಯಾಕ್ ತುಂಬ ಮಾಲಿದ್ದರೂ, ಬೇರೊಂದು ಹೆಸರಿನಡಿ ಸೊನ್ನೆ ಕಂಡದ್ದಕ್ಕೆ ಖರೀದಿಯವರು ಮತ್ತೆ ಅದನ್ನೇ ತರಿಸಿದ್ದರು. ಸ್ಟೋರ್ ಕೀಪರ್ ಮತ್ತು ಸೂಪರ್‌ವೈಸರ್ ಇಬ್ಬರನ್ನೂ ಒಂದು ವಾರ ಜೊತೆಯಲ್ಲಿ ಕೂರಿಸಿ. ಒಂದು ವಸ್ತುವಿಗೆ ಒಂದೇ ಹೆಸರು, ಅದೂ ಶಾಪ್‌ನವರಿಗೆ ಓದಿದೊಡನೆ ತಿಳಿಯುವಂಥದ್ದು. ಆಮೇಲೆ ಕೈಯಿಂದ ಎಣಿಸಿದ ದಾಸ್ತಾನನ್ನೇ ನಮೂದಿಸಿ.

ದಾಸ್ತಾನು ಮತ್ತು ಚಲನ್‌ಗಳನ್ನು ಈಗಲೇ ಆರಂಭಿಸಬಹುದು. ಲೆಕ್ಕಪತ್ರವನ್ನು ಬದಲಿಸುವುದಾದರೆ ಏಪ್ರಿಲ್ 1ರವರೆಗೆ ಕಾಯಿರಿ. ಮೊದಲ ತಿಂಗಳು ಸೂಪರ್‌ವೈಸರ್ ತಮ್ಮ ಡೈರಿಯನ್ನು ಬಿಡುವುದು ಬೇಡ. ಪ್ರತಿ ಸಂಜೆ ಅದನ್ನು ಪರದೆಯ ಪಕ್ಕದಲ್ಲಿಟ್ಟು, ಪ್ಲೇಟಿಂಗ್‌ಗೆ ಹೋದದ್ದು ಎಷ್ಟು, ಬಂದದ್ದು ಎಷ್ಟು ಎಂದು ಇಬ್ಬರು ಕೂತು ತಾಳೆ ನೋಡಿ.